ಹದಿನೈದು ಹಲ್ಲುಗಳ ಹಾಡು

ವಿದ್ಯುತ್ತಿನ ಹಂಗಿಲ್ಲದೆ, ಕೇವಲ ಉಕ್ಕಿನ ಹಲ್ಲುಗಳನ್ನು ಮೀಟಿ ಸ್ವರ ಹೊರಡಿಸುವ ಪುಟ್ಟ ಯಂತ್ರಕ್ಕೆ ಮ್ಯೂಸಿಕ್ ಬಾಕ್ಸ್ ಎಂದು ಹೆಸರು. ನಾವು ಅದನ್ನು ಹಾಡುಪೆಟ್ಟಿಗೆ ಎಂದು ಕರೆಯುತ್ತೇವೆ. ಇಂತಹ ಪೆಟ್ಟಿಗೆಯನ್ನು ಮನೆಯಲ್ಲಿಯೇ ಜೋಡಿಸಿಕೊಳ್ಳಲು ಬೇಕಾದ ಸಾಮಾನುಗಳ ಕಿಟ್ ಒಂದನ್ನು ಕಳೆದ ಬೇಸಿಗೆಯ ರಜೆಯಲ್ಲಿ ಹೈದರಾಬಾದಿನಿಂದ ಬಂದ ನಮ್ಮ ಮೊಮ್ಮಗಳು ಜಹೀರಾಬಾದಿನ ಮನೆಗೆ ತಂದಳು. ಏಳನೆಯ ತರಗತಿಯ ಆ ಹುಡುಗಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ತೆಲುಗು ಬರುತ್ತದೆ, ಹಿಂದಿ ಬರುತ್ತದೆ. ಕನ್ನಡದಲ್ಲಿ ಮಾತ್ರ ‘ಮುತ್ಯಾ’ ಎಂಬ ಒಂದು ಮಾತನ್ನು ಬಿಟ್ಟರೆ ಉಳಿದುದೆಲ್ಲ ಅರೆಬರೆ. ಆ ಪೆಟ್ಟಿಗೆಯನ್ನು ಕಟ್ಟುವ ನೆಪದಲ್ಲಿ ನಮ್ಮ ನಡುವೆ ನಡೆದುದನ್ನು ಸಂಘದ ಬಂಧುಗಳ ಮುಂದೆ ಇಡಬೇಕೆನಿಸಿತು.

ಇದರ ಹುಟ್ಟು ಗಡಿಯಾರದ ಮನೆಯಲ್ಲಿ. 1796ರಲ್ಲಿ ಜಿನೀವಾದ ಗಡಿಯಾರದ ಕುಶಲಕರ್ಮಿ ಆಂಟ್ವಾನ್ ಫಾವ್ರ್ ಎಂಬಾತನು ಸಣ್ಣ ಗಂಟೆಗಳ ಬದಲಿಗೆ ಶ್ರುತಿ ಮಾಡಿದ ಉಕ್ಕಿನ ಪಟ್ಟಿಗಳನ್ನು ಬಳಸುವ ಉಪಾಯ ಕಂಡನು. ಅಂತಹ ಪಟ್ಟಿಗಳನ್ನು ಒಂದೇ ತಗಡಿನಲ್ಲಿ ಕೊಯ್ದಾಗ ಅದು ಬಾಚಣಿಗೆಯ ಆಕಾರ ತಾಳಿತು. ಮುಳ್ಳುಗಳಿರುವ ಉರುಳೆಯೊಂದು ತಿರುಗುತ್ತ ಆ ಬಾಚಣಿಗೆಯ ಹಲ್ಲುಗಳನ್ನು ಮೀಟುತ್ತದೆ. ಗಿಡ್ಡ ಹಲ್ಲು ಏರುದನಿ, ಉದ್ದ ಹಲ್ಲು ಇಳಿದನಿ. ನಮ್ಮ ಮೋರ್ಸಿಂಗ್ ವಾದ್ಯದಲ್ಲಿ ಇರುವುದು ಉಕ್ಕಿನ ಒಂದೇ ನಾಲಗೆ. ಇಲ್ಲಿ ಅಂತಹ ನಾಲಗೆಗಳ ಸಾಲು, ಅಷ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಕ್ರ್ವಾ ಎಂಬ ಬೆಟ್ಟದೂರು ಈ ಉದ್ಯಮದಿಂದಲೇ ಹೆಸರಾಯಿತು. 1877ರಲ್ಲಿ ಎಡಿಸನ್ನನ ಫೋನೋಗ್ರಾಫ್ ಬಂದ ಮೇಲೆ ಕ್ರಮೇಣ ಇದರ ವೈಭವ ಇಳಿಯಿತು.

ನಮ್ಮ ಮೊಮ್ಮಗಳು ತಂದ ಕಿಟ್ಟಿನಲ್ಲಿ ಉರುಳೆಯ ಬದಲು ಕಾಗದದ ಪಟ್ಟಿ ಇತ್ತು. ಜೊತೆಗೆ 15 ಹಲ್ಲುಗಳ ಬಾಚಣಿಗೆ ಕೂಡಿಸಿದ ಯಂತ್ರ, ಕೈಹಿಡಿಕೆ, ಪ್ಲೈವುಡ್ಡಿನಲ್ಲಿ ಕತ್ತರಿಸಿದ ಹಲಗೆಗಳು, ಸ್ಕ್ರೂಗಳು, ತೂತು ಹೊಡೆಯುವ ಪಂಚು. ಹಿಡಿಕೆ ತಿರುವಿದಂತೆ ಪಟ್ಟಿ ಮುಂದಕ್ಕೆ ಸರಿಯುತ್ತದೆ. ತೂತು ಬಂದ ಕಡೆ ನಕ್ಷತ್ರಾಕಾರದ ಚಕ್ರದ ಮೊನೆ ಅದರೊಳಕ್ಕೆ ಇಳಿದು ತಿರುಗುತ್ತದೆ. ಅದೇ ಚಕ್ರದ ಇನ್ನೊಂದು ಮೊನೆ ಹಲ್ಲನ್ನು ಮೀಟುತ್ತದೆ. ಪಟ್ಟಿಯ ಅಗಲದಲ್ಲಿ ಸ್ವರ, ಉದ್ದದಲ್ಲಿ ಕಾಲ. ಎಲ್ಲಿ ತೂತು ಹೊಡೆಯುವೆವೋ ಅಲ್ಲಿ ಹಾಡು.

ಎರಡು ದಿನ ಜಗಲಿಯಲ್ಲಿ ಕುಳಿತು ಜೋಡಿಸಿದೆವು. ಸೂಚನೆಯ ಹಾಳೆಯನ್ನು ಅವಳು ಇಂಗ್ಲಿಷಿನಲ್ಲಿ ಓದುವಳು, ನಾವು ಒಂದೊಂದು ವಸ್ತುವಿನ ಹೆಸರನ್ನು ಕನ್ನಡದಲ್ಲಿ ಹೇಳುವೆವು: ಹಲ್ಲು, ಗಾಲಿ, ಅಚ್ಚು, ಹಿಡಿಕೆ, ಉಪ್ಪುಕಾಗದ, ಅಂಟು. ಹಲಗೆಯ ಅಂಚನ್ನು ಉಜ್ಜಿ, ಮೂಲೆಗಳಿಗೆ ಅಂಟು ಹಚ್ಚಿ, ದಾರದಿಂದ ಬಿಗಿದು ಒಂದು ರಾತ್ರಿ ಒಣಗಲು ಬಿಟ್ಟೆವು. ಪಾಠವೆಂದು ತಿಳಿಯದೆ ಕಲಿತ ಪಾಠ ಮಕ್ಕಳಲ್ಲಿ ನಿಲ್ಲುತ್ತದೆ ಎಂಬುದು ಮಾಸ್ತರಿಕೆಯ ವರ್ಷಗಳಲ್ಲಿ ನಾವು ಕಂಡ ಮಾತು.

ಕಿಟ್ಟಿನೊಡನೆ ಬಂದ ಸಿದ್ಧ ಪಟ್ಟಿಯಲ್ಲಿ ಹುಟ್ಟುಹಬ್ಬದ ಇಂಗ್ಲಿಷ್ ಹಾಡಿತ್ತು. ಅದನ್ನು ನಾಲ್ಕು ಸಲ ಕೇಳಿದ ಮೇಲೆ ಅವಳು, “ಮುತ್ಯಾ, ಖಾಲಿ ಪಟ್ಟಿಯ ಮೇಲೆ ಯಾವ ಹಾಡು?” ಎಂದಳು. ಹಿಡಿಕೆ ತಿರುವುತ್ತಿದ್ದ ಅವಳ ಕೈಯನ್ನು ನೋಡಿದಾಗ ನಮಗೆ ಹೊಳೆದದ್ದು ಬೀಸುಕಲ್ಲಿನ ಗೂಟ. ನಮ್ಮ ತಾಯಿಯವರ ತವರು ನಾರಾಯಣಖೇಡದ ಸೀಮೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಗಿ, ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದಾಗ ನಮಗೆ ಆರರ ವಯಸ್ಸು. ಅದರ ಮರುದಿನವೂ ತಾಯಿಯವರು ಬೆಳಗಿನ ಜಾವ ಎದ್ದು ಜೋಳ ಬೀಸಿದರು, ಅದೇ ಬೀಸುವ ಪದ ಹಾಡಿದರು. ಆ ಪದದ ಧಾಟಿಯನ್ನೇ ಪಟ್ಟಿಗೆ ಇಳಿಸುವುದೆಂದು ನಿಶ್ಚಯಿಸಿದೆವು.

ಕೆಲಸ ಸುಲಭವಾಗಿರಲಿಲ್ಲ. 15 ಹಲ್ಲುಗಳೆಂದರೆ ಎರಡು ಸಪ್ತಕಗಳ ಶುದ್ಧ ಸ್ವರಗಳು, ಅದರ ಮೇಲೊಂದು ಷಡ್ಜ. ಕೋಮಲ ಸ್ವರಗಳಿಗೆ ಹಲ್ಲೇ ಇಲ್ಲ. ತಾಯಿಯವರ ಗಾಂಧಾರ ಎರಡು ಹಲ್ಲುಗಳ ನಡುವೆ ಎಲ್ಲಿಯೋ ಕುಳಿತಿತ್ತು. ಅವರ ದನಿ ಜಾರುತ್ತಿದ್ದ ಕಡೆ ಯಂತ್ರ ಜಿಗಿಯುತ್ತದೆ. ಒಂದೇ ಸ್ವರದ ತೂತುಗಳು ತೀರ ಹತ್ತಿರ ಬಂದರೆ ಎರಡನೆಯದು ನುಡಿಯುವುದಿಲ್ಲ. ಚಕ್ರಕ್ಕೆ ತಿರುಗಿ ಸಜ್ಜಾಗಲು ಎಡೆ ಬೇಕು. ನಾವು ಗುನುಗಿದೆವು, ಅವಳು ಪೆನ್ಸಿಲಿನಿಂದ ಚುಕ್ಕೆ ಇಟ್ಟಳು, ಆಮೇಲೆ ಪಂಚು ಒತ್ತಿದಳು. ಮೂರನೆಯ ಪಟ್ಟಿಗೆ ಹಾಡು ಗುರುತು ಹತ್ತುವಂತಾಯಿತು.

ಆ ಪಟ್ಟಿಯೊಡನೆ ಪೆಟ್ಟಿಗೆಯನ್ನು ಎತ್ತಿಕೊಂಡು ತಾಂಡೂರಿನ ಅಕ್ಕನವರ ಮನೆಗೆ ಹೋದೆವು. ಅಕ್ಕನವರಿಗೆ ಎಂಬತ್ತು ದಾಟಿದೆ. ತಾಯಿಯವರ ಎದುರು ಕುಳಿತು ಅದೇ ಕಲ್ಲು ಬೀಸಿದವರು. ಮೊದಲು ಮೊಮ್ಮಗಳು ಯಂತ್ರವನ್ನು ಪೆಟ್ಟಿಗೆಯಿಂದ ಬಿಚ್ಚಿ ಕೈಯಲ್ಲಿ ಹಿಡಿದು ನುಡಿಸಿದಳು. ಕಿವಿ ಮಂದವಾದ ಅಕ್ಕನವರಿಗೆ ಕೇಳಿಸಲಿಲ್ಲ. ನೆಲದ ತಾಂಡೂರು ಕಲ್ಲಿನ ಮೇಲೆ ಇಟ್ಟು ನುಡಿಸಿದಳು. ಆಗಲೂ ಸಣ್ಣ ದನಿಯೇ. ಮತ್ತೆ ಮರದ ಪೆಟ್ಟಿಗೆಗೆ ಬಿಗಿದು ತಿರುವಿದಾಗ ದನಿ ಕೋಣೆ ತುಂಬಿತು. ತೆಳುವಾದ ಹಲ್ಲು ತಾನೇ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಅದರ ಕಂಪನವನ್ನು ಅಗಲವಾದ ಹಲಗೆ ಎತ್ತಿಕೊಂಡಾಗ ನಾಲ್ಕು ಜನಕ್ಕೆ ಕೇಳಿಸುತ್ತದೆ. ತಂಬೂರಿಯ ಬುರುಡೆಯ ಕೆಲಸವೂ ಇದೇ.

ಅಕ್ಕನವರು ಹಿಡಿಕೆಯನ್ನು ಕೇಳಿ ಪಡೆದರು. ಬೀಸುವ ಲಯಕ್ಕೆ ತಕ್ಕಂತೆ ನಿಧಾನವಾಗಿ ತಿರುವುತ್ತ, ಯಾರೂ ಕೇಳದೆಯೇ ಪದವನ್ನು ಹಾಡತೊಡಗಿದರು. ನಮಗೆ ನೆನಪಿದ್ದುದು ಮೂರು ನುಡಿಗಳು. ಅವರ ಬಾಯಿಂದ ಹನ್ನೊಂದು ಬಂದವು. ಹನ್ನೆರಡನೆಯದರ ಮೊದಲ ಮಾತು ಬಂದಿತು, ಮುಂದಿನದು ಬರಲಿಲ್ಲ. ಮೊಮ್ಮಗಳು ಅಷ್ಟನ್ನೂ ತೆಲುಗು ಅಕ್ಷರಗಳಲ್ಲಿ ಬರೆದುಕೊಂಡಳು. ಮನೆಗೆ ಬಂದ ಮೇಲೆ, “ಮುತ್ಯಾ, ಇದನ್ನು ಕನ್ನಡದಲ್ಲಿ ಹೇಗೆ ಬರೆಯುವುದು?” ಎಂದು ಕೇಳಿದಳು. ಎರಡು ಲಿಪಿಗಳೂ ಒಡಹುಟ್ಟಿದವುಗಳಾದ್ದರಿಂದ ರಜೆ ಮುಗಿಯುವುದರೊಳಗೆ ಹನ್ನೊಂದು ನುಡಿಗಳೂ ಕನ್ನಡದಲ್ಲಿ ನೋಟುಪುಸ್ತಕಕ್ಕೆ ಬಂದವು. ಅರ್ಥ ತಿಳಿಯದ ಮಾತುಗಳ ಕೆಳಗೆ ಅವಳು ಗೆರೆ ಎಳೆದಿದ್ದಾಳೆ. ಈಗ ಪ್ರತಿ ಭಾನುವಾರ ಫೋನಿನಲ್ಲಿ ಒಂದೊಂದನ್ನು ಕೇಳುತ್ತಾಳೆ.

ಗಡಿನಾಡಿನ ಮನೆಗಳಲ್ಲಿ ಇಂತಹ ಪದಗಳು ಇನ್ನೂ ಇವೆ, ಆದರೆ ಅವು ಒಂಟಿ ಹಲ್ಲಿನಂತೆ ಒಬ್ಬೊಬ್ಬ ಹಿರಿಯರ ನಾಲಗೆಯ ಮೇಲೆ ಮಾತ್ರ ಇವೆ. ಅವುಗಳ ದನಿಯನ್ನು ಎತ್ತಿಕೊಳ್ಳುವ ಹಲಗೆ ನಮ್ಮ ಸಂಘವಾಗಬೇಕು. ಪ್ರತಿ ಮನೆಯ ಮಕ್ಕಳು ತಮ್ಮ ಮನೆಯ ಒಂದು ಪದವನ್ನು ಹಿರಿಯರಿಂದ ಕೇಳಿ, ಯಾವ ಲಿಪಿಯಲ್ಲಾದರೂ ಸರಿ, ಮುಂದಿನ ಸಮ್ಮೇಳನಕ್ಕೆ ಬರೆದು ತರಲಿ. ಕನ್ನಡಕ್ಕೆ ಇಳಿಸುವ ಕೆಲಸಕ್ಕೆ ನಮ್ಮಂತಹ ನಿವೃತ್ತ ಮಾಸ್ತರರು ಇದ್ದೇವೆ. ನಾರಾಯಣಖೇಡದ ಕಡೆಯ ತಾಯಂದಿರು ಸಮ್ಮೇಳನಕ್ಕೆ ಬಂದಾಗ ನಮ್ಮ ಪೆಟ್ಟಿಗೆಯನ್ನೊಮ್ಮೆ ತಿರುವಿ ನೋಡಬೇಕೆಂದು ವಿನಂತಿ. ಆ ಹನ್ನೆರಡನೆಯ ನುಡಿ ಯಾರಿಗಾದರೂ ನೆನಪಿರಬಹುದು.