ಕೆಂಪು ಟ್ರೇ

ಜೂನ್ 9, ಸೋಮವಾರ
ಆಡಿಟ್‌ಗೆ ಹತ್ತು ದಿನ. ಗ್ರೈಂಡಿಂಗ್ ಮಷೀನಿನ ಪಕ್ಕ ಅಂಟಿಸಿರುವ ಕೆಲಸದ ಸೂಚನೆ ರಿವಿಷನ್ 2. ನನ್ನ ಫೈಲಿನಲ್ಲಿರುವುದು 4. ಹಾಳೆ ಎಣ್ಣೆ ಕುಡಿದು ಅಕ್ಷರವೇ ಕಾಣುವುದಿಲ್ಲ. ದಿನಾ ಅದರ ಮುಂದೆಯೇ ಓಡಾಡಿದ್ದೇನೆ.

ಜೂನ್ 10
ಬೆಳಗಿನ ಶಿಫ್ಟಿನಲ್ಲಿ ಒಂದು ಗಂಟೆ ಗ್ರೈಂಡಿಂಗ್ ಆಪರೇಟರ್ ಅಣ್ಣನ ಹಿಂದೆ ನಿಂತೆ. 25 ಮಿ.ಮೀ. ಶಾಫ್ಟ್. ಗ್ರೈಂಡ್ ಆದದ್ದನ್ನು ಅಳೆಯದೆ ಗ್ರಾನೈಟ್ ಪ್ಲೇಟಿನ ಮೇಲಿಟ್ಟರು, ಇನ್ನೊಂದು ಹಾಕಿದರು, ಆಮೇಲೆ ಮೈಕ್ರೋಮೀಟರ್ ಕೈಗೆ ತಗೊಂಡರು. ಯಾಕಣ್ಣ ಅಂದೆ.
"ಬಿಸಿ ಇದೆಯಲ್ಲಮ್ಮ, ಸುಳ್ಳು ಹೇಳತ್ತೆ."
ಕೆಲಸದ ಸೂಚನೆಯಲ್ಲಿ ನಾನು ಬರೆದ ಆರನೇ ಸಾಲು: ಮೈಕ್ರೋಮೀಟರಿನಿಂದ ಅಳೆಯಿರಿ. ಅಷ್ಟೇ.

ರಾತ್ರಿ
ಲೆಕ್ಕ ಹಾಕಿದೆ. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಜಾಬ್ 15 ಡಿಗ್ರಿ ಬಿಸಿಯಿದ್ದರೆ 25 ಮಿ.ಮೀ.ಗೆ 4 ಮೈಕ್ರಾನ್ ದಾಟುತ್ತದೆ. ನಮ್ಮ ಟಾಲರೆನ್ಸೇ 13. ಬಿಸಿಯಲ್ಲಿ ಸರಿ ಕಂಡದ್ದು ತಣಿದ ಮೇಲೆ ಸಣ್ಣದು. ದಪ್ಪ ಉಳಿದರೆ ರೀವರ್ಕ್ ಮಾಡಬಹುದು, ಸಣ್ಣದಾದರೆ ಗುಜರಿ.

ಜೂನ್ 12
ಬೆಂಚಿನ ಕೆಳಗೆ, ಬನಿಯನ್ ವೇಸ್ಟಿನಡಿ ಏಳು ಶಾಫ್ಟ್. ಟ್ಯಾಗ್ ಇಲ್ಲ. ರಿಜೆಕ್ಷನ್ನಿನ ಕೆಂಪು ಟ್ರೇ ತೊಳೆದಿಟ್ಟ ಹಾಗಿದೆ. ರಾತ್ರಿ ಶಿಫ್ಟಿನ ಹುಡುಗನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ.
"ಬರೆದ್ರೆ ನನ್ನ ಹೆಸರು ಬರತ್ತಲ್ಲ ಮೇಡಂ."
ಕಾಂಟ್ರಾಕ್ಟ್ ಹುಡುಗ. ಮುಂದಿನ ತಿಂಗಳು ಅವನ ರಿನ್ಯೂವಲ್.
ರಿಜಿಸ್ಟರ್ ತೆಗೆದೆ. ಮಾರ್ಚ್ ನಿಲ್. ಏಪ್ರಿಲ್ ನಿಲ್. ಮೇ ನಿಲ್. ಮೂರರ ಕೆಳಗೂ ನನ್ನ ಸಹಿ.

ಜೂನ್ 13, ಬೆಳಗಿನ ಜಾವ 5
ನಿದ್ದೆ ಬರಲಿಲ್ಲ. ಪೀಣ್ಯದ ಕಡೆ ಮಳೆ. ಐಎಸ್‌ಒ 9001ರ 2015ರ ಆವೃತ್ತಿ ಕಾರ್ಯವಿಧಾನ, ದಾಖಲೆ ಎರಡನ್ನೂ 'ದಾಖಲಿತ ಮಾಹಿತಿ' ಎಂಬ ಒಂದೇ ಹೆಸರಿನಡಿ ತಂದಿತು. ನನಗೆ ಎರಡೂ ಬೇರೆಯಾಗಿಯೇ ಬೇಕು. ಒಂದು ಆಗಬೇಕಾದದ್ದು, ಇನ್ನೊಂದು ಆದದ್ದು. ಆದದ್ದನ್ನು ಬರೆಯಬೇಕಾದ ಪುಟದಲ್ಲಿ ಇಷ್ಟು ದಿನ ಆಗಬೇಕಾದದ್ದನ್ನೇ ಬರೆದಿದ್ದೇನೆ.

ಜೂನ್ 14
ರಿವಿಷನ್ 5. ತಣಿದ ಮೇಲೆ ಅಳೆಯಿರಿ. ಎಷ್ಟು ನಿಮಿಷ? ಗಡಿಯಾರ ನೋಡಿದೆ: ಒಂದಕ್ಕೆ 9, ಇನ್ನೊಂದಕ್ಕೆ 14. ಅಣ್ಣ ಹೇಳಿದರು, "ಮಾಸ್ಟರ್ ಪೀಸನ್ನೂ ಅದೇ ಪ್ಲೇಟಿನ ಮೇಲಿಡಿ. ಎರಡನ್ನೂ ಮುಟ್ಟಿ ನೋಡಿ. ಒಂದೇ ಥರ ಅನ್ನಿಸಿದ್ರೆ ಅಳೀರಿ." ಅವರ ಮಾತನ್ನೇ ಇಳಿಸಿದೆ. ಓದಿ ಹೇಳಿದಾಗ ತಲೆಯಾಡಿಸಿದರು. ಇವತ್ತು ಹೊಟ್ಟೆ ತುಂಬಾ ಊಟ ಮಾಡಿದೆ.

ಜೂನ್ 16, ಸೋಮವಾರ
ಏಳನ್ನೂ ರಿಜಿಸ್ಟರಿಗೆ ಹತ್ತಿಸಿದೆ. ಅಳತೆ, ಸಿಕ್ಕ ದಿನಾಂಕ. ಕಾರಣ: ಬಿಸಿಯಲ್ಲಿ ಅಳೆದದ್ದು, ಸೂಚನೆಯಲ್ಲಿ ಹೇಳಿರಲಿಲ್ಲ. ಆಪರೇಟರ್ ಕಾಲಂ ಖಾಲಿ ಬಿಟ್ಟೆ. ಸಂಜೆ ಮ್ಯಾನೇಜರ್ ಆ ಕಾಲಂ ಮೇಲೆ ಬೆರಳಿಟ್ಟು ಕೇಳಿದರು. ನಾಳೆ ತುಂಬುತ್ತೇನೆ ಸರ್ ಅಂದೆ.