ಆಟಕ್ಕುಂಟು, ಲೆಕ್ಕಕ್ಕಿಲ್ಲ

ನನ್ನ ಎಡ ಮೊಣಕಾಲು ಹೋದದ್ದು ಒಂದು ಆಲ್‌ಸ್ಟಾರ್ ಪಂದ್ಯದಲ್ಲಿ. ಆಗ ಸ್ಕೋರು ಎಷ್ಟಿತ್ತು ಅಂದರೆ ಹೇಳಲಾರೆ. ಅಂಥ ಪಂದ್ಯದಲ್ಲಿ ಸ್ಕೋರು ಯಾರಿಗೂ ಬೇಕಿರುವುದಿಲ್ಲ. ಚೆಂಡು ಹಿಡಿದು ಬಂದವನಿಗೆ ದಾರಿ ಬಿಡುವುದೇ ಅಲ್ಲಿಯ ಮರ್ಯಾದೆ. ಅವನು ಡಂಕ್ ಹೊಡೆಯಬೇಕು, ಜನ ಕೂಗಬೇಕು, ಕ್ಯಾಮೆರಾದವರಿಗೆ ನಾಲ್ಕು ಒಳ್ಳೆಯ ತುಣುಕು ಸಿಗಬೇಕು. ಹಿಂದಿನ ರಾತ್ರಿ ಕೋಚ್ ಹೇಳಿದ್ದೂ ಇಷ್ಟೇ: "ಯಾರೂ ಮೈಮೇಲೆ ಬೀಳ್ಬೇಡಿ. ಮಜಾ ಮಾಡಿ."

ನನಗಾಗ 24. ಮಂಡ್ಯದ ಸಿಮೆಂಟ್ ಕೋರ್ಟಿನಲ್ಲಿ ಆಡಿ ಬೆಳೆದವನು. ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರ ನಿಜವಾದ ಆಸೆ ಲೀಗ್ ಅಲ್ಲ, ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಪೊಲೀಸಿನಲ್ಲೋ ಒಂದು ಕೆಲಸ. ಆದರೆ 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್‌ನನ್ನು ಎನ್‌ಬಿಎ ಡ್ರಾಫ್ಟಿನ 52ನೇ ಆಯ್ಕೆಯಾಗಿ ಡಲ್ಲಾಸ್ ತಂಡ ತೆಗೆದುಕೊಂಡಾಗ ಎಲ್ಲರಿಗೂ ತಲೆ ತಿರುಗಿತು. ಅದೇ ವರ್ಷ ಯುಬಿಎ ಲೀಗ್ ಶುರುವಾಯಿತು. ಬೆಂಗಳೂರು ಬೀಸ್ಟ್, ಚೆನ್ನೈ ಸ್ಲ್ಯಾಮ್, ಪುಣೆ ಪೇಶ್ವಾಸ್ ಅಂತ ತಂಡಗಳು ಬಂದವು. 2017 ಕಳೆದ ಮೇಲೆ ಅದು ನಿಂತೇ ಹೋಯಿತು. ನಾನು ಆಡಿದ್ದು ಅದರಲ್ಲಲ್ಲ. ಆಮೇಲೆ ಬಂದ, ಅದಕ್ಕಿಂತ ಸಣ್ಣ, ಒಂದೇ ಸೀಸನ್ ಬದುಕಿದ ಒಂದು ಲೀಗಿನಲ್ಲಿ. ಹೆಸರು ಬೇಡ.

ಪಂದ್ಯಕ್ಕೆ ಮೊದಲು ತ್ರೀ-ಪಾಯಿಂಟರ್ ಸ್ಪರ್ಧೆ ಇತ್ತು. ಗೆರೆಯ ಉದ್ದಕ್ಕೂ ಐದು ಜಾಗ, ಜಾಗಕ್ಕೆ ಐದು ಚೆಂಡು, ಒಂದು ನಿಮಿಷ. 25ರಲ್ಲಿ 17 ಹಾಕಿದೆ. ನಾಲ್ಕಡಿ ಉದ್ದದ ಸನ್‌ಬೋರ್ಡ್ ಚೆಕ್ ಕೈಗೆ ಕೊಟ್ಟು ಫೋಟೊ ತೆಗೆದರು. 25,000 ರೂಪಾಯಿ. ಅದನ್ನು ಬೆಂಚಿಗೆ ಒರಗಿಸಿಟ್ಟು ಆಟಕ್ಕಿಳಿದೆ.

ಕೊನೆಯ ಕ್ವಾರ್ಟರಿನಲ್ಲಿ ಎದುರು ತಂಡದ ಹುಡುಗನೊಬ್ಬ ಒಬ್ಬನೇ ಬುಟ್ಟಿಯ ಕಡೆ ಓಡಿದ. ಬಿಟ್ಟುಬಿಡಬೇಕಿತ್ತು. ನಾನು ಬೆನ್ನಟ್ಟಿದೆ. ಯಾಕೆ ಅಂತ ಆಮೇಲೆ ಬಹಳ ಜನ ಕೇಳಿದರು. ಅಭ್ಯಾಸ, ಇನ್ನೇನು. ಹಿಂದಿನಿಂದ ಹಾರಿ ಚೆಂಡನ್ನು ಬೋರ್ಡಿಗೆ ಬಡಿದೆ. ಇಳಿಯುವಾಗ ಎಡಗಾಲು ಒಂದೇ ನೆಲ ಮುಟ್ಟಿತು, ಮೊಣಕಾಲು ಒಳಕ್ಕೆ ಬಾಗಿತು. ಒಳಗೆ ಟಪ್ ಅಂದಿತು, ಹಸಿ ಕಬ್ಬಿನ ಜಲ್ಲೆ ಮುರಿದ ಹಾಗೆ. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಬ್ಲಾಕ್ ಚೆನ್ನಾಗಿತ್ತಂತೆ.

ಫಿಸಿಯೊ ಆಗಲೇ ಹೊರಟುಹೋಗಿದ್ದರು. ತಂಡದ ಹುಡುಗರು ಸ್ಟೇಡಿಯಮ್ಮಿನ ಗೇಟಿನ ಆಚೆ ಕಬ್ಬಿನ ಹಾಲಿನ ಗಾಡಿಯವನ ಹತ್ತಿರ ಐಸು ಕೇಳಿ ತಂದು ಟವೆಲಿನಲ್ಲಿ ಸುತ್ತಿ ಕಟ್ಟಿದರು. ಆಟೋದಲ್ಲಿ ಆಸ್ಪತ್ರೆ. ಎಕ್ಸ್-ರೇ ನೋಡಿ, "ಮೂಳೆ ಸರಿಯಾಗಿದೆ, ಉಳುಕು" ಅಂದರು. ಕ್ರೇಪ್ ಬ್ಯಾಂಡೇಜು, ನೋವಿನ ಮಾತ್ರೆ. ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆಯೇ ಹೊರತು ಲಿಗಮೆಂಟು ಕಾಣುವುದಿಲ್ಲ ಅಂತ ನನಗಾಗ ಗೊತ್ತಿರಲಿಲ್ಲ.

ಮೂರು ವಾರಕ್ಕೆ ಊತ ಇಳಿಯಿತು. ಆಯಿತಲ್ಲ ಅಂದುಕೊಂಡೆ. ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಕೊನೆಯ ಮೆಟ್ಟಿಲಿಳಿದೆ, ಮೊಣಕಾಲು ಕೀಲು ಕಳಚಿದ ಬಾಗಿಲಿನ ಹಾಗೆ ಪಕ್ಕಕ್ಕೆ ಸರಿಯಿತು. ಅಲ್ಲೇ ಕುಸಿದೆ. ಹೂವಿನವಳು ಬೈದಳು, "ಹಗಲೊತ್ತೇ ಕುಡ್ಕಂಡ್ ಬತ್ತರೆ." ಮೈಸೂರಿನ ಮೂಳೆ ಡಾಕ್ಟರು ತೊಡೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಕಣಕಾಲು ಮುಂದಕ್ಕೆಳೆದು ನೋಡಿ, ಎಂಆರ್‌ಐ ಬರುವ ಮೊದಲೇ ಹೇಳಿದರು: ಎಸಿಎಲ್, ಅಂದರೆ ಮೊಣಕಾಲಿನೊಳಗಿನ ಲಿಗಮೆಂಟು, ಪೂರ್ತಿ ಹರಿದಿದೆ.

ಲೀಗಿನ ಆಫೀಸಿಗೆ ಫೋನು ಮಾಡಿದೆ. ವಿಮೆ ಇದೆ ಅಂದರು. ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. ವಿಮೆ ಇರುವುದು ಲೀಗ್ ಪಂದ್ಯಗಳಿಗೆ. ಆಲ್‌ಸ್ಟಾರ್ ಪ್ರದರ್ಶನ ಪಂದ್ಯ, ಅದು ಸೇರುವುದಿಲ್ಲ. ಒಪ್ಪಂದ ತೆಗೆದು ನೋಡಿದೆ. ಹಾಗೇ ಬರೆದಿತ್ತು, ಆರನೇ ಪುಟದಲ್ಲಿ, ಕೆಳಗೆ ನನ್ನದೇ ಸಹಿ. ಚೆಕ್ಕಿನ ಹಣ "ಪ್ರೋಸೆಸ್‌ನಲ್ಲಿದೆ" ಅಂದರು. ಎರಡು ತಿಂಗಳಿಗೆ ಆಟಗಾರರ ವಾಟ್ಸಾಪ್ ಗ್ರೂಪಿನಿಂದ ಅಡ್ಮಿನ್‌ಗಳೇ ಹೊರಗೆ ಹೋದರು. ಲೀಗ್ ಮುಚ್ಚಿತು ಅಂತ ನಮಗೆ ತಿಳಿದದ್ದು ಹಾಗೆ.

ಅಪ್ಪನಿಗೆ ಕಾರ್ಖಾನೆಯಿಂದ ಹಿಂದಿನ ವರ್ಷದ ಕಬ್ಬಿನ ಬಿಲ್ಲು ಇನ್ನೂ ಬಂದಿರಲಿಲ್ಲ. "ನಂದೂ ನಿಂದೂ ಒಂದೇ ಕತೆ ಕಣ್ಲಾ" ಅಂದು ಸುಮ್ಮನಾದ. ಆಪರೇಷನ್ನಿಗೆ 1,60,000 ಅಂದಿದ್ದರು. ಒಂದು ಎಮ್ಮೆ ಹೋಯಿತು, ಉಳಿದದ್ದಕ್ಕೆ ಸಂಘದ ಸಾಲ.

ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು ಹರಿದ ಲಿಗಮೆಂಟಿನ ಜಾಗಕ್ಕೆ ಕೂರಿಸುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು, ಎಚ್ಚರವಿತ್ತು, ಡ್ರಿಲ್ಲಿನ ಸದ್ದು ಪಕ್ಕದ ಮನೆಯಲ್ಲಿ ಗೋಡೆ ಕೊರೆದಂತೆ ಕೇಳುತ್ತಿತ್ತು. ಅದು ಕಷ್ಟವೇ ಅಲ್ಲ. ಕಷ್ಟ ಮರುದಿನದ್ದು. ಫಿಸಿಯೊ ಹುಡುಗಿ ಬಂದು, "ಮೊಣಕಾಲು ಮಡಚದೆ ಕಾಲು ಮೇಲೆತ್ತಿ ಸರ್" ಅಂದಳು. ಎತ್ತಿದೆ. ಅಂದರೆ ಎತ್ತಲು ಹೇಳಿದೆ, ಕಾಲು ಕೇಳಲಿಲ್ಲ. ಸತ್ತಿರಲಿಲ್ಲ, ಬೆರಳು ಆಡುತ್ತಿದ್ದವು, ಮುಟ್ಟಿದರೆ ಗೊತ್ತಾಗುತ್ತಿತ್ತು. ಆದರೆ ತೊಡೆಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಹಾರುವುದನ್ನೇ ನಂಬಿ ಬದುಕಿದ್ದ ನಾನು ಹಿಮ್ಮಡಿಯನ್ನು ಹಾಸಿಗೆಯಿಂದ ಒಂದು ಅಂಗುಲ ಎತ್ತಲಾಗದೆ ಬೆವರುತ್ತಿದ್ದೆ. ಆರು ದಿನ ಹಾಗೇ ಇತ್ತು. ಎರಡನೇ ವಾರ ಟೇಪು ಸುತ್ತಿ ಅಳೆದಳು. ಎಡ ತೊಡೆ ಬಲಕ್ಕಿಂತ ಮೂರು ಸೆಂಟಿಮೀಟರ್ ಸಣ್ಣ.

ಮನೆಯಲ್ಲಿ ಮಾಡಲು ವ್ಯಾಯಾಮ ಕೊಟ್ಟಿದ್ದಳು: ಮಲಗಿಕೊಂಡು ಹಿಮ್ಮಡಿಯನ್ನು ಜಾರಿಸುತ್ತ ಸೊಂಟದ ಕಡೆ ತರುವುದು. ಕಂಬಳಿಯ ಮೇಲೆ ಹಿಮ್ಮಡಿ ಜಾರುವುದಿಲ್ಲ, ನುಣುಪಾದ ಹಲಗೆ ಬೇಕು. ಅಮ್ಮ ಅಟ್ಟದಿಂದ ಆ ಚೆಕ್ ಇಳಿಸಿ ತಂದು ಕಾಲಡಿ ಹಾಸಿದಳು. ಹೇಳಿ ಮಾಡಿಸಿದಂತಿತ್ತು. ಕಾಲುಚೀಲ ಹಾಕಿಕೊಂಡು ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಇಪ್ಪತ್ತು ಸಲ. ದಿನಾಂಕದ ಹತ್ತಿರ ಶುರು, ಸಹಿಯ ಹತ್ತಿರ ನೋವು. ತೊಂಬತ್ತು ಡಿಗ್ರಿ ಮಡಚಿದ ದಿನ ಹಿಮ್ಮಡಿ ಎಲ್ಲಿಗೆ ಬಂತೆಂದು ಅಪ್ಪ ಪೆನ್ಸಿಲಿನಲ್ಲಿ ಗೆರೆ ಎಳೆದ. ಮಡಚುವುದಕ್ಕಿಂತ ಪೂರ್ತಿ ಚಾಚುವುದು ಕಷ್ಟ ಅಂತ ಆಮೇಲೆ ಗೊತ್ತಾಯಿತು, ಅದರ ಮಾತು ಬೇಡ.

ನಾಲ್ಕನೇ ತಿಂಗಳಲ್ಲಿ ರೈಲ್ವೆ ಕ್ರೀಡಾ ಕೋಟಾದ ಟ್ರಯಲ್ಸ್ ಕರೆದರು. ವಯಸ್ಸಿನ ಮಿತಿ 25. ಓಡುವುದಿರಲಿ, ಆಗ ನಾನು ಕುಕ್ಕರಗಾಲಲ್ಲಿ ಕೂರುವ ಹಾಗೂ ಇರಲಿಲ್ಲ. ಮುಂದಿನ ಸಲ ಕರೆಯುವ ಹೊತ್ತಿಗೆ ನನಗೆ 26.

ಒಂಬತ್ತನೇ ತಿಂಗಳಿಗೆ ಡಾಕ್ಟರು ಹಾರಬಹುದು ಅಂದರು. ಬೆಳಿಗ್ಗೆ ಆರಕ್ಕೆ, ಯಾರೂ ಇಲ್ಲದಾಗ, ಸಿಮೆಂಟ್ ಕೋರ್ಟಿಗೆ ಹೋದೆ. ಎರಡು ಹೆಜ್ಜೆ ಹಾಕಿ ಲೇಅಪ್‌ಗೆ ಹಾರಿದೆ. ಚೆಂಡು ಬುಟ್ಟಿಗೆ ಬಿತ್ತು. ಇಳಿದದ್ದು ಮಾತ್ರ ಬಲಗಾಲಿನ ಮೇಲೆ. ಇನ್ನೊಂದು ಸಲ ಹಾರಿದೆ. ಮತ್ತೆ ಬಲಗಾಲೇ.