ಬೆಳ್ಳಿಯ ಭೂತ

ಕನ್ನಡ ಎಂ.ಎ.ಗೂ ಮೋಟಾರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನನ್ನ ವಾಹನ ಸೈಕಲ್ಲು. ಕಳಚಿದ ಸರಪಣಿಯನ್ನು ಮತ್ತೆ ಹಾಕಿಕೊಳ್ಳುವುದಕ್ಕಿಂತ ಹೆಚ್ಚಿನ ಯಂತ್ರಜ್ಞಾನ ನನಗಿಲ್ಲ. ಆದರೂ ‘ಸಿಲ್ವರ್ ಘೋಸ್ಟ್’ ಕೆಲವು ದಿನಗಳಿಂದ ನನ್ನನ್ನು ಹಿಡಿದುಕೊಂಡಿದೆ. ಭೂತವೆಂದ ಮೇಲೆ ಹಿಡಿಯದೆ ಇದ್ದೀತೆ? ಹೆಸರಿನ ಅರ್ಥವನ್ನು ಬಿಡಿಸಿ ಹೇಳಿದಾಗ ನನ್ನ ಮನೆಯಾಕೆ, “ಬೆಳ್ಳಿಯದಾದರೆ ಭೂತವಾದರೂ ಬರಲಿ” ಎಂದಳು.

1907ರಲ್ಲಿ ರೋಲ್ಸ್-ರಾಯ್ಸ್ ಸಂಸ್ಥೆಯ ವ್ಯವಸ್ಥಾಪಕ ಕ್ಲಾಡ್ ಜಾನ್‌ಸನ್ ಎಂಬಾತನು ತಮ್ಮ ‘40/50’ ಮಾದರಿಯ ಹನ್ನೆರಡನೆಯ ಗಾಡಿಗೆ ಅಲ್ಯೂಮಿನಿಯಂ ಬಣ್ಣ ಬಳಿಸಿ, ಲೋಹದ ಬಿಡಿಸಾಮಾನುಗಳಿಗೆ ಬೆಳ್ಳಿಯ ಲೇಪ ಕೊಡಿಸಿದನು. ಮೈ ಬೆಳ್ಳಿ, ನಡಿಗೆಯಲ್ಲಿ ಸದ್ದಿಲ್ಲ. ಹೆಸರು ಹುಟ್ಟಿದ್ದು ಹೀಗೆ. ಆ ವರ್ಷವೇ ಅದನ್ನು ಲಂಡನ್ನಿಗೂ ಗ್ಲಾಸ್ಗೋವಿಗೂ ನಡುವೆ, ಭಾನುವಾರಗಳನ್ನುಳಿದು ಹಗಲಿರುಳೂ, 27 ಬಾರಿ ಓಡಿಸಿದರು. 629ನೆಯ ಮೈಲಿಯಲ್ಲಿ ಪೆಟ್ರೋಲಿನ ನಲ್ಲಿ ಅಲುಗಾಟಕ್ಕೆ ಮುಚ್ಚಿಕೊಂಡು ಗಾಡಿ ನಿಂತಿತು. ನಲ್ಲಿಯನ್ನು ತಿರುಗಿಸಿ ಹೊರಟ ಮೇಲೆ 14,371 ಮೈಲಿ ತಾನಾಗಿ ಎಲ್ಲಿಯೂ ನಿಲ್ಲಲಿಲ್ಲ. ಕೊನೆಗೆ ಬಿಚ್ಚಿ ಪರೀಕ್ಷಿಸಿದಾಗ, ಬದಲಿಸಬೇಕಾಗಿ ಬಂದ ಭಾಗಗಳ ಬೆಲೆ ಎರಡು ಪೌಂಡಿಗಿಂತ ಕೊಂಚ ಹೆಚ್ಚು, ಅಷ್ಟೆ! 1925ರಲ್ಲಿ ‘ಫ್ಯಾಂಟಮ್’ ಬಂದ ಮೇಲೆ ಈ ಒಂದು ಗಾಡಿಯ ಹೆಸರೇ ಹಳೆಯ ಮಾದರಿಯ ಸಾವಿರಾರು ಗಾಡಿಗಳಿಗೂ ಸಂದಿತು.

ಇಷ್ಟು ಕೀರ್ತಿವಂತ ಗಾಡಿಯನ್ನು 1908ರಲ್ಲಿ ಮಾರಿಬಿಟ್ಟರು. ಆಮೇಲೆ ನಲವತ್ತು ವರ್ಷ ಅದರ ಗೃಹಸ್ಥಾಶ್ರಮ. 1948ರಲ್ಲಿ ತವರಿಗೆ ಮರಳಿತು. 1980ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ ಇಂಗ್ಲೆಂಡಿನ ಕುಶಲಿಗಳು ಅದರ ಜೀರ್ಣೋದ್ಧಾರ ಮಾಡಿದರು.

ನನ್ನನ್ನು ಕಾಡುವುದು ಈ ಜೀರ್ಣೋದ್ಧಾರವೇ. ಓಲೆಗರಿಯ ಗ್ರಂಥವನ್ನು ಸಂಪಾದಿಸುವವನ ಕಷ್ಟವೂ ಇಂಥದೇ. ಅವನಿಗೆ ಬೇಕಾದದ್ದು ಕವಿ ಬರೆದ ಪಾಠ. ಕೈಗೆ ಸಿಕ್ಕಿದ್ದು ಹಲವು ತಲೆಮಾರಿನ ಲಿಪಿಕಾರರು ತಿದ್ದಿದ್ದು, ತಪ್ಪಿದ್ದು. ಆದರೆ ಸಂಪಾದಕನು ತಾನು ತಳ್ಳಿದ ಪಾಠಾಂತರವನ್ನು ಪುಟದ ಅಡಿಯಲ್ಲಾದರೂ ಉಳಿಸುತ್ತಾನೆ. ಗಾಡಿಗೆ ಅಡಿಟಿಪ್ಪಣಿಯುಂಟೆ? 1907ರ ಹೊಳಪು ಬೇಕಾದರೆ ಮುಂದಿನ ನಲವತ್ತು ವರ್ಷಗಳ ಗೀರು ಅಳಿಯಲೇಬೇಕು. ಸವೆದದ್ದನ್ನು ಬದಲಿಸದಿದ್ದರೆ ಅದು ಓಡದು. ಓಡದ ಸಿಲ್ವರ್ ಘೋಸ್ಟು ಗೊಂಬೆಹಬ್ಬದ ಬೊಂಬೆಗೆ ಸಮಾನ. ಹಾಗೆಂದು ಎಲ್ಲವನ್ನೂ ಬದಲಿಸಿದರೆ ಉಳಿದದ್ದು ಹೆಸರೊಂದೇ ಆದೀತು.

ನನ್ನನ್ನು ಯಾರೂ ಕೇಳಿಲ್ಲ, ಕೇಳುವವರೂ ಅಲ್ಲ. ಕೇಳಿದ್ದರೆ ಯಂತ್ರವನ್ನು ನಿಶ್ಚಿಂತೆಯಿಂದ ಕುಶಲಿಗಳ ಕೈಗೊಪ್ಪಿಸಿ, ಇಂತಹ ಗಾಡಿಗಳ ಆಸನದ ಹಳೆಯ ಚರ್ಮವನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಕಡಲ ಗಾಳಿಗೆಂದು ಹೊರಟು, ಹಿಂದಿರುಗುವಾಗ ಅದರ ಮೇಲೆಯೇ ನಿದ್ದೆಹೋದ ಮಕ್ಕಳೂ ಇದ್ದಿರಬೇಕಲ್ಲ.